ಕುತ್ತಿಗೆಯ ಪಾಲು

ಜೂನ್ 12, ಬೆಳಿಗ್ಗೆ

ಮತ್ತೆ ಅದೇ ಕನಸು. ಇವರು ಕೊಯ್ದ ಕುರಿ ಎದ್ದು ನಿಂತಿತ್ತು. ಕುತ್ತಿಗೆ ಬಾಯಿಯ ಹಾಗೆ ತೆರೆದುಕೊಂಡಿತ್ತು. ರಕ್ತ ಸುರಿಸಿಕೊಂಡೇ ಅಡುಗೆಮನೆಗೆ ಬಂತು, ನನ್ನನ್ನು ಹುಡುಕಿಕೊಂಡು. ಕೂಗಿದೆ. ನನ್ನ ಗಂಟಲಿನಿಂದಲೂ ಬರೀ ಗಾಳಿ...

ಎದ್ದಾಗ ಎದೆ ಡಬಡಬ. ಬೆರಳು ನಡುಕ. ರವಿಕೆ ಬೆವರಿಗೆ ಅಂಟಿತ್ತು. ಸ್ವಪ್ನಳಿಗೆ ಹೇಳಿದರೆ ನಕ್ಕಳು. ಪಿಯುಸಿ ಓದುವ ಮಗಳು.

"ಅವ್ವಾ, ನಿಂಗೆ ಬಸ್ಸು ಬಂದ್ರೂ ಭಯ, ಬರದಿದ್ರೂ ಭಯ."

ನಾನು ಏಳನೇ ಕ್ಲಾಸಿಗೆ ಬಿಟ್ಟವಳು. ಹುಟ್ಟಾ ಹೆದರುಪುಕ್ಕಲಿ ಅಂತ ಚಳ್ಳಕೆರೆಯ ನಮ್ಮ ಬೀದಿಗೆಲ್ಲ ಗೊತ್ತು. ಅದಕ್ಕೇ ನಡುಗುತ್ತಿದೆ ಅಂದರೆ ಯಾರೂ ತಿರುಗಿ ನೋಡುವುದಿಲ್ಲ.

ಇವರು ಅಂಗಡಿಗೆ ಹೊರಡುವಾಗ ಚಾ ಆರಿದೆ ಎಂದು ಸ್ಟೀಲ್ ಲೋಟ ಮುಖಕ್ಕೆ ಎಸೆದರು. ಹುಬ್ಬು ಒಡೆಯಿತು. ಮೊದಲೂ ಕೈ ಎತ್ತುತ್ತಿದ್ದರು, ಇಲ್ಲ ಅನ್ನುವುದಿಲ್ಲ. ಆದರೆ ಇದು ಬೇರೆ. ಕಣ್ಣು ರೆಪ್ಪೆ ಬಡಿಯುವುದೇ ಇಲ್ಲ. ಇಬ್ಬರ ಊಟ ಒಬ್ಬರೇ ಉಣ್ಣುತ್ತಾರೆ, ಮೈ ಮಾತ್ರ ಇಳಿಯುತ್ತಿದೆ.

ಜೂನ್ 16, ಭಾನುವಾರ

ಪಾಲು ಬಂತು. ಜಂಪಣ್ಣನ ಮಟನ್ ಅಂಗಡಿಯಲ್ಲಿ ಕುರಿ ಕೊಯ್ಯುವವರು ಇವರು. ಕೊಯ್ಯುವವನಿಗೆ ಒಂದು ಪಾಲು—ಹಳೇ ಪದ್ಧತಿ. ಮೊದಲು ಬೋಟಿ ಬರುತ್ತಿತ್ತು. ಯುಗಾದಿಯಿಂದ ಬೋಟಿಯೆಲ್ಲ ಹೋಟೆಲಿನವರ ಪಾಲು. ಈಗ ನಮಗೆ ಗಂಟಲಿನ ಸುತ್ತ ಕೊಯ್ದ ಮಾಂಸ, ಕವರ್ ತುಂಬ, ವಾರಕ್ಕೆ ಮೂರು ನಾಲ್ಕು ಸಲ.

ಅತ್ತೆ ಸೂರಮ್ಮನಿಗೆ ಮುಂದಿನ ಹಲ್ಲುಗಳಿಲ್ಲ. ಬಚ್ಚಲಲ್ಲಿ ಜಾರಿ ಬಿದ್ದು ಹೋದವಂತೆ, ನಾನು ಮದುವೆಯಾಗಿ ಬರುವ ಮೊದಲೇ. ಅವರಿಗೋಸ್ಕರ ಎಲ್ಲವನ್ನೂ ಕೊಚ್ಚಿ ಖೀಮಾ ಉಂಡೆ. ನಾವು ಮೂವರೂ ಅದನ್ನೇ ತಿನ್ನುತ್ತೇವೆ. ಸ್ವಪ್ನ ಮುಟ್ಟುವುದಿಲ್ಲ. ಒಂದು ಕುರಿಮರಿ ಸಾಕಿದ ಮೇಲೆ ಮಾಂಸ ಬಿಟ್ಟಳು.

ಉಣ್ಣುತ್ತಾ ಅತ್ತೆ ಎದೆ ಒತ್ತಿಕೊಂಡರು. "ಒಳಗೆ ಕೋಳಿ ಒದರ್ದಂಗೆ ಆಗ್ತೈತೆ ಕಣೇ."

ಜುಲೈ 3

ಮೂಳೆ ಜಾಸ್ತಿ ಹಾಕಿದ್ದೀರಿ ಎಂದ ಗಿರಾಕಿಯ ಕೈಯನ್ನು ಇವರು ಕೊರಡಿನ ಮೇಲೆ ಒತ್ತಿ ಹಿಡಿದು ಮಚ್ಚು ಎತ್ತಿದರಂತೆ. ಏಟು ಬೆರಳಿನ ಪಕ್ಕದಲ್ಲೇ ಬಿತ್ತಂತೆ. ಜಂಪಣ್ಣನೇ ಮನೆತನಕ ಬಂದ.

"ರಾಧಮ್ಮಾ, ನಾಗಭೂಷಣಂಗೆ ಏನಾಗೈತೆ? ಕುಡ್ದಿಲ್ಲ, ಏನಿಲ್ಲ. ಮಚ್ಚು ಹಿಡಿಯೋ ಕೈ ನಡುಗ್ತೈತೆ. ಯಾವತ್ತೋ ಒಂದಿನ ಹೆಣ ಬೀಳ್ತೈತೆ ನೋಡು."

ಅವನ ಮುಂದೆ ಯಾಕೆ ತಲೆ ಆಡಿಸಿದೆ ಅಂತ ಇವರು ನನ್ನ ಮೇಲೆ ಬಿದ್ದರು. ಕೂದಲು ಹಿಡಿದು ಎಳೆದು ರುಬ್ಬುಗಲ್ಲಿಗೆ ಬಡಿದರು. ಆಮೇಲೆ ಪಕ್ಕೆಗೆ ಒದ್ದರು. ಉಸಿರು ತೆಗೆದರೆ ಒಳಗೆ ಏನೋ ಕಟಕ್ ಅನ್ನುತ್ತದೆ.

ಜುಲೈ 5, ಮೊಳಕಾಲ್ಮೂರು

ತವರಿಗೆ ಬಂದೆ, ಸ್ವಪ್ನಳ ಜೊತೆ. ಅತ್ತೆ ಬರಲಿಲ್ಲ. ಅವ್ವ ನನ್ನ ಪಕ್ಕೆ ನೋಡಿ ಉಪ್ಪಿನ ಶಾಖ ಕೊಟ್ಟಳು. ಪಕ್ಕದ ಮನೆಯ ಪಾಪಕ್ಕ "ದಿಷ್ಟಿ ತಗಿಲಿಂದಿ", ದೃಷ್ಟಿ ತಗಲಿದೆ ಎಂದು ಮೆಣಸಿನಕಾಯಿ ನಿವಾಳಿಸಿ ಸುಟ್ಟಳು. ಕಣ್ಣು ಉರಿಯಿತು. ಎದೆಬಡಿತ ಹಾಗೇ ಇದೆ.

ಆಗಸ್ಟ್ 11

ಇವತ್ತು ಅವ್ವನ ಮಗ್ಗದಲ್ಲಿ ಹರಿದ ರೇಷ್ಮೆ ಎಳೆ ಜೋಡಿಸಿದೆ. ಬಂದ ಹೊಸದರಲ್ಲಿ ಎಳೆ ಹಿಡಿಯಲೂ ಆಗುತ್ತಿರಲಿಲ್ಲ. ಕೈ ನಿಂತಿದೆ. ನಿದ್ದೆ ಬರುತ್ತಿದೆ. ಅವ್ವ ಹೊನ್ನಕ್ಕ ಹೇಳಿದಳು, "ಗಂಡನ್ನ ಬಿಟ್ಟೆ, ರೋಗ ಬಿಡ್ತು. ಇಲ್ಲೇ ಇರು."

ಸಂಜೆ ಇವರು ಬಂದರು. ಕೆನ್ನೆ ಒಳಕ್ಕೆ ಹೋಗಿದೆ. ಬಾಗಿಲಲ್ಲೇ ಕೂತು ಅತ್ತರು. ಕೈಯಲ್ಲಿ ಕವರ್. ನನಗೆ ಇಷ್ಟ ಎಂದು ಕುತ್ತಿಗೆ ಮಾಂಸ.

ಗಂಡಸು ಅಳುವುದನ್ನು ನೋಡಿ ಕೂತಿರಲು ನನ್ನ ಕೈಲಿ ಆಗುವುದಿಲ್ಲ.

ಸೆಪ್ಟೆಂಬರ್ 20

ಬರೆಯುವುದೋ ಬೇಡವೋ... ಕೈ ಮತ್ತೆ ನಡುಗುತ್ತಿದೆ. ಚಳ್ಳಕೆರೆಗೆ ಬಂದ ಮೇಲೆ ಎಲ್ಲ ವಾಪಸ್ಸು—ಬೆವರು, ಬಡಿತ, ಸಿಟ್ಟು. ಹೌದು, ಸಿಟ್ಟು. ನನಗೆ.

ಮಧ್ಯಾಹ್ನ ಇವರು ಸ್ವಪ್ನಳಿಗೆ ಬೆಲ್ಟಿನಲ್ಲಿ ಬಾರಿಸಿದರು. ಫೋನಿನಲ್ಲಿ ನಕ್ಕಳಂತೆ. ಬಕಲ್ ತಗಲಿ ಕಿವಿ ಸೀಳಿತು. ನಾನು ಮಾಂಸ ಕೊಚ್ಚುತ್ತಿದ್ದೆ. ಅದೇ ಕತ್ತಿಯಿಂದ ಇವರಿಗೆ ಹೊಡೆದೆ. ತೋಳು ಬಾಯಿಬಿಟ್ಟಿತು. ಬೆಳ್ಳಗೆ ಮೂಳೆ ಕಂಡಿತು.

ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಮತ್ತೆ ಎತ್ತಿದೆ, ಈ ಸಲ ಕುತ್ತಿಗೆಗೆ. ಸ್ವಪ್ನ ನನ್ನ ಕೈಗೆ ಕಚ್ಚಿ ಕತ್ತಿ ಬಿಡಿಸಿದಳು. ಇರುವೆ ಕಂಡರೆ ದಾಟಿ ಹೋಗುವವಳು ನಾನು.

ರಕ್ತ ನೋಡಿ ಅತ್ತೆ ಎದೆ ಹಿಡಿದು ಬಿದ್ದರು. ಒಂದೇ ಆಟೋದಲ್ಲಿ ಎಲ್ಲರೂ ಆಸ್ಪತ್ರೆಗೆ. "ಅಂಗಡೀಲಿ ಕತ್ತಿ ಜಾರ್ತು" ಎಂದು ಬರೆಸಿದರು ಇವರು. ಹೆಂಡತಿ ಕಡಿದಳು ಅನ್ನಲು ನಾಚಿಕೆ.

ಸೆಪ್ಟೆಂಬರ್ 21

ಡಾಕ್ಟರಮ್ಮ ಅತ್ತೆಯ ನಾಡಿ ಹಿಡಿದರು, ಇವರದು ಹಿಡಿದರು, ಆಮೇಲೆ ಸುಮ್ಮನೆ ನಿಂತಿದ್ದ ನನ್ನದನ್ನೂ ಸ್ವಪ್ನಳದನ್ನೂ ಹಿಡಿದರು.

"ಏನ್ರೀ ಇದು, ಮೂರೂ ಜನ ಓಡ್ಕೊಂಡ್ ಬಂದಂಗೈತೆ! ಮಗಳದ್ದು ಮಾತ್ರ ಸರಿಯಾಗೈತೆ. ಮನೇಲಿ ಏನ್ ತಿಂತೀರಿ?"

"ಇವರು ಮೂವರೂ ಕುತ್ತಿಗೆ ಮಾಂಸ ತಿಂತಾರೆ, ನಾನು ತಿನ್ನಲ್ಲ ಮೇಡಂ," ಎಂದಳು ಸ್ವಪ್ನ. ಡಾಕ್ಟರಮ್ಮ ತಟ್ಟನೆ ತಿರುಗಿದರು. ಮೂವರ ರಕ್ತ ತೆಗೆಸಿದರು.

ಸೆಪ್ಟೆಂಬರ್ 25

ತಿಳಿದಷ್ಟು ಬರೆದಿಡುತ್ತೇನೆ. ಗಂಟಲಿನ ಮುಂದೆ ಚಿಟ್ಟೆಯ ಹಾಗೆ ಒಂದು ಗ್ರಂಥಿ, ಥೈರಾಯ್ಡ್. ನಮಗೂ ಇದೆ, ಕುರಿಗೂ ಇದೆ. ಅದರ ಹಾರ್ಮೋನು ರಕ್ತಕ್ಕೆ ಸೇರಿ, ಎದೆ ಎಷ್ಟು ಬಡಿಯಬೇಕು, ಮೈ ಎಷ್ಟು ಕಾಯಬೇಕು ಎಂದು ಹೇಳುತ್ತದಂತೆ. ತಲೆಯೊಳಗೆ ಕಡಲೆಕಾಳಿನಷ್ಟು ಇನ್ನೊಂದು ಗ್ರಂಥಿ—ಅದು ಇದಕ್ಕೆ ಯಜಮಾನ. ಬೇಕು, ಸಾಕು ಅನ್ನುವುದು ಅದೇ. ಆ ಯಜಮಾನನ ಕೂಗಿಗೆ ಟಿಎಸ್‌ಎಚ್ ಅಂತಾರೆ. ನಮ್ಮ ಮೂವರದೂ ಸೊನ್ನೆಗೆ ಹತ್ತಿರ. ನಾವು ವಾರವಾರವೂ ಕುರಿಯ ಗ್ರಂಥಿ ಕೊಚ್ಚಿ ತಿಂದಿದ್ದೇವೆ. ಹೊರಗಿನಿಂದಲೇ ಬಂದು ಬೀಳುವಾಗ ಒಳಗಿನ ಯಜಮಾನ ಬಾಯಿ ಮುಚ್ಚಿಕೊಂಡಿದ್ದಾನೆ.

"ಬೇಯ್ಸಿದ್ರೆ ಸಾಯಲ್ವೇನಮ್ಮಾ ಅದು?" ಅಂದೆ.

"ಸಾಯೋಕೆ ಅದೇನ್ ಹುಳಾನಾ? ಎಷ್ಟು ಬೇಯ್ಸಿದ್ರೂ ಇರ್ತೈತೆ. ಆ ಮಾಂಸ ನಿಲ್ಲಿಸ್ರಿ. ಎದೆಬಡಿತಕ್ಕೆ ಮಾತ್ರೆ ಕೊಡ್ತೀನಿ. ಎರಡು ತಿಂಗಳಲ್ಲಿ ಇಳೀತೈತೆ."

"ಸಿಟ್ಟು?"

"ನಡುಕ, ನಿದ್ದೆಗೇಡು, ಸಿಡುಕು—ಇದರಿಂದ ಬಂದಿದ್ದಷ್ಟೂ ಹೋಗ್ತೈತೆ."

ಹೊರಗೆ ಬಂದು ಬೇವಿನ ಮರದ ಕೆಳಗೆ ಕೂತು ಅತ್ತುಬಿಟ್ಟೆ. ಖುಷಿಗೆ. ಇವರಲ್ಲ, ನಾನಲ್ಲ. ರುಬ್ಬುಗಲ್ಲಿಗೆ ಬಡಿದದ್ದು ಕುರಿಯ ಗ್ರಂಥಿ. ಮೊಳಕಾಲ್ಮೂರಿಗೆ ಫೋನ್ ಮಾಡಿ ಹೇಳಿದೆ. ಅವ್ವ "ಹಂಗಂತಾರಾ?" ಅಂದಳು. ಅಷ್ಟೇ.

ನವೆಂಬರ್ 24

ರಿಪೋರ್ಟ್ ಬಂತು. ಮೂವರದೂ ನಾರ್ಮಲ್. ಇವರ ಟಿಎಸ್‌ಎಚ್ 2.1. ಇರಬೇಕಾದ ಜಾಗದಲ್ಲೇ ಇದೆ ಎಂದರು. ನನ್ನ ಕೈ ನಿಂತಿದೆ. ಕತ್ತಿ ಮುಟ್ಟಿದರೆ ಆವತ್ತಿನದು ನೆನಪಾಗಿ ಕೆಳಗಿಡುತ್ತೇನೆ, ಸಿಟ್ಟು ಮಾತ್ರ ಹುಡುಕಿದರೂ ಇಲ್ಲ. ಪಾಯಸ ಮಾಡಿದೆ. ಇವರೂ ಉಂಡರು, ಅಡುಗೆ ಚೆನ್ನಾಗಿದೆ ಅಂದರು.

ನವೆಂಬರ್ 27

ಇವರು ತೊಡೆ ಮಾಂಸ ತಂದರು. ಕವರ್ ಬಿಚ್ಚಿ ನೋಡಿದೆ. ನನಗೆ ಭಯ ಅಲ್ಲವಾ, ಕೇಳಿದೆ. "ಗಂಟಲಿಂದು ಒಂದು ಚೂರೂ ಸೇರಿಲ್ಲ ತಾನೆ? ನೋಡಿದ್ರಾ?"

"ದಿನಾ ಇದೇ ರಾಗ ಆಯ್ತಲ್ಲ ನಿಂದು."

ಕೂಗಲಿಲ್ಲ. ಬೆವರಿರಲಿಲ್ಲ. ವಾಚು ಬಿಚ್ಚಿ ಕಿಟಕಿಯಲ್ಲಿಟ್ಟರು. ಆಮೇಲೆ ಹೊಡೆದರು. ಮುಷ್ಟಿಯಿಂದ, ಬಾಯಿಗೆ. ನಾನು ಅವರ ಕೈಯನ್ನೇ ನೋಡುತ್ತಿದ್ದೆ. ನಡುಗಲಿ, ನಡುಗಲಿ ಅಂತ. ನಡುಗಲಿಲ್ಲ. ವಾಚು ಕಟ್ಟಿಕೊಂಡು ಅಂಗಡಿಗೆ ಹೋದರು.

ಹಲ್ಲು ಅಂಗೈಯಲ್ಲಿಟ್ಟುಕೊಂಡು ಕೂತಿದ್ದೆ. ಅತ್ತೆ ಅರಿಶಿನ ತಂದು ಪಕ್ಕದಲ್ಲಿ ಕುಕ್ಕರಿಸಿದರು.

"ನನ್ನವು ಬಚ್ಚಲಲ್ಲಿ ಬಿದ್ವು ಅಂದ್ಕೊಂಡಿದ್ಯೇನೇ?" ಅಂದರು. "ಇವನಪ್ಪ ಕುತ್ತಿಗೆ ಮಾಂಸ ಮೂಸಿದೋನೂ ಅಲ್ಲ."

ನವೆಂಬರ್ 28, ಬೆಳಿಗ್ಗೆ

ಸ್ವಪ್ನ ಬಟ್ಟೆ ತುಂಬುತ್ತಿದ್ದಾಳೆ. ಮೊಳಕಾಲ್ಮೂರು ಬಸ್ಸಿಗೆ ಹೊತ್ತಾಯಿತು ಎಂದು ಕೂಗುತ್ತಿದ್ದಾಳೆ. "ಅವ್ವಾ, ಇನ್ನೂ ಏನ್ ಬರೀತೀಯಾ?"

ಮೊದಲು ಆಸ್ಪತ್ರೆಗೆ ಹೋಗಿಬರುತ್ತೇನೆ. ತುಟಿ ಊದಿದೆ, ಮಾತು ತೊದಲುತ್ತದೆ. ಕೇಳಬೇಕಾದ್ದನ್ನು ಬರೆದೇ ಒಯ್ಯುತ್ತೇನೆ—

ಡಾಕ್ಟರಮ್ಮ, ನಾಗಭೂಷಣ ಅಂತ ಬರೆದ ರಿಪೋರ್ಟ್. ಬೇರೆ ಯಾರದ್ದೋ ರಕ್ತಕ್ಕೆ ಇವರ ಹೆಸರು ಅಂಟಿಸಿರಬಹುದು. ಅಥವಾ ಆ ಎರಡರ ಎಡಕ್ಕೆ ಒಂದು ಸೊನ್ನೆ, ಒಂದು ಚುಕ್ಕಿ ಬಿಟ್ಟುಹೋಗಿರಬಹುದು, ಇವರದು ಇನ್ನೂ ಸೊನ್ನೆಗೆ ಹತ್ತಿರವೇ ಇರಬಹುದು. ದಯವಿಟ್ಟು ಆ ನಂಬರ್ ಒಂದನ್ನು ಇನ್ನೊಂದು ಸಲ ನೋಡಿ.