ದೊಡ್ಡ ಯಂತ್ರ ಬೇಡ ಅಂದದ್ದಕ್ಕೆ

ಬೆಟಗೇರಿ
ಮಂಗಳವಾರ

ಮಗಳೇ ಫರ್ಹಾನಾ,

ನಿನ್ನ ಅಬ್ಬಾನ ದುವಾ. ಹೊಸಪೇಟೆಯಲ್ಲಿ ತರಬೇತಿ ಹೇಗಿದೆ, ಊಟ ಸೇರುತ್ತದೆಯೋ ಇಲ್ಲವೋ ಎಂದು ಫೋನಿನಲ್ಲೇ ಕೇಳಿದ್ದೇನೆ. ಕೇಳಿದ ಮೇಲೂ ಚಿಂತೆ ಹೋಗಿಲ್ಲ, ಆ ಮಾತು ಬೇರೆ. ಈ ಕಾಗದ, ನಿನಗೊಂದು ಸುಳ್ಳು ಹೇಳಿದ್ದಕ್ಕೆ. ಐದನೇ ಇಯತ್ತೆಗೆ ಶಾಲೆ ಬಿಟ್ಟವನ ಬರಹ, ತಿದ್ದಿಕೊಂಡು ಓದು.

ಮುಂಡರಗಿಯಲ್ಲಿ ನೀನು ತೆರೆಯಲಿರುವ ಅದಿರು ಪರೀಕ್ಷೆಯ ಲ್ಯಾಬಿಗೆ ಕರೆಂಟಿನಲ್ಲಿ ಅದಿರು ಕರಗಿಸುವ ಇಂಡಕ್ಷನ್ ಹೀಟರ್ ನೋಡಿ ಬರಲು ನನ್ನನ್ನು ಹುಬ್ಬಳ್ಳಿಗೆ ಕಳಿಸಿದೆ. "ನನಗ ದೊಡ್ಡದು ಚಲೋ ಅನಸತೈತಿ ಅಬ್ಬಾ. ಆದರ ಬೆಂಕಿ ಗುರ್ತ ಇರೋದು ನಿಮಗ. ನೀವು ಹೂಂ ಅಂದದ್ದ ತರೂಣು" ಎಂದೆ. ತಾಮ್ರದ ಹಂಡೆಗಳಿಗೆ ಕಲಾಯಿ ಹಾಕುತ್ತ ಮುದುಕನಾದವನಿಗೆ ಓದಿದ ಮಗಳು ಹೀಗಂದರೆ, ಹಿಗ್ಗಿಗೆ ಎರಡು ದಿನ ಊಟ ಇಳಿಯಲಿಲ್ಲ.

ಅಂಗಡಿಯ ಮುರ್ತುಜಾ ಎರಡೂ ಯಂತ್ರ ತೋರಿಸಿದ. ದೊಡ್ಡದರ ತಾಮ್ರದ ಸುರುಳಿ ಹೊರಗೇ ಇದೆ. ನಡುವೆ ಮೊಳೆ ಹಿಡಿದರೆ ಉರಿ ಇಲ್ಲ, ಹೊಗೆ ಇಲ್ಲ, ಮೊಳೆ ಕೆಂಪಗಾಯಿತು. ನಾನು ಕಪ್ಪತಗುಡ್ಡದ ಕಲ್ಲು ಕುಟ್ಟಿ ಮಣ್ಣಿನ ಮೂಸೆಯಲ್ಲಿ ತುಂಬಿ ಒಯ್ದಿದ್ದೆ. ಅದನ್ನಿಟ್ಟರೆ ಬೆಚ್ಚಗೂ ಆಗಲಿಲ್ಲ.

"ನಿಮ್ಮ ಮಿಷನ್ನಿಗೆ ನಮ್ಮ ಗುಡ್ಡ ಅಂದ್ರ ಅಂಜಿಕಿ ಏನ್ರಿ?" ಎಂದೆ.

"ಚಾಚಾ, ಮಣ್ಣ ಇದರಾಗ ಕಾಯೂದಿಲ್ರಿ. ಗ್ರಾಫೈಟ್ ಮೂಸಿ ಬೇಕು. ಮೊದಲ ಮೂಸಿ ಕಾಯತೈತಿ, ಆಮ್ಯಾಲೆ ಪುಡಿ" ಎಂದು ನಗುತ್ತ ಕಪ್ಪು ಮೂಸೆ ಇಟ್ಟ.

ಹಂಡೆ ಹದಕ್ಕೆ ಬಂದಿದೆಯೋ ಎಂದು ನಾವು ಅದರ ಬಾಯಿಯ ಮೇಲೆ ಅಂಗೈ ಹಿಡಿದು ನೋಡುವವರು. ಅದೇ ರೂಢಿಯಲ್ಲಿ ಸುರುಳಿಗೆ ಕೈ ಒಯ್ದೆ. ಅಂಗೈಗೆ ಏನೂ ತಾಗಲಿಲ್ಲ. ನನ್ನ ಬೆಳ್ಳಿ ಉಂಗುರ ಕಾದು ಬೆರಳು ಚುರುಗುಟ್ಟಿತು. ಮುರ್ತುಜಾ ಸ್ವಿಚ್ ಆರಿಸಿ, ಸೋಪು ಹಚ್ಚಿ ಉಂಗುರ ತೆಗೆದ. "ಬೋರ್ಡ ಓದಲಿಲ್ಲೇನ್ರಿ?" ಎಂದು ಬೈದ. ಬೋರ್ಡು ಇಂಗ್ಲಿಷಿನಲ್ಲಿತ್ತು. ಸಣ್ಣ ಗುಳ್ಳೆ ಅಷ್ಟೇ, ಗಾಬರಿಯಾಗಬೇಡ.

ನನಗೆ ನಿನ್ನ ಕೈ ಕಣ್ಣ ಮುಂದೆ ಬಂತು. ನಿನ್ನ ಅಮ್ಮಿ ಸಾಬೀರಾ ಕೊನೆಯ ದಿನಗಳಲ್ಲಿ ತೊಡಿಸಿದ ಬಂಗಾರದ ಬಳೆಗಳನ್ನು ಜ್ವರದಲ್ಲೂ ನೀನು ತೆಗೆದವಳಲ್ಲ. ಚಿಕ್ಕ ಯಂತ್ರಕ್ಕೆ ಬಾಗಿಲಿದೆ, ತೆರೆದರೆ ತಾನೇ ನಿಲ್ಲುತ್ತದೆ. ಅದೇ ಇರಲಿ ಎಂದುಬಿಟ್ಟೆ. ನಿನಗೆ ಮಾತ್ರ "ದೊಡ್ಡದಕ್ಕ ಹರಿಯೂ ನೀರ ಬೇಕಂತ, ಮುಂಡರಗ್ಯಾಗ ನೀರ ದಿನಾ ಎಲ್ಲಿ ಬರತಾವು" ಎಂದೆ. ಅದೇ ಸುಳ್ಳು, ಒಮ್ಮೆ ತುಂಬಿದ ತೊಟ್ಟಿಯ ನೀರೇ ಅದರಲ್ಲಿ ಸುತ್ತಿ ಬರುತ್ತದೆ. ನೀನು ದನಿ ತಗ್ಗಿಸಿ "ಆತ ಬಿಡ್ರಿ ಅಬ್ಬಾ" ಎಂದೆಯಲ್ಲ, ಆ ದನಿ ಅಂದಿನಿಂದ ಚುಚ್ಚುತ್ತಿದೆ. ಚಿಕ್ಕದರಲ್ಲಿ ಒಂದು ಸಲಕ್ಕೆ ಒಂದೇ ಮೂಸೆ, ದೊಡ್ಡದರಲ್ಲಿ ನಾಲ್ಕು. ಹಳ್ಳಿಗಳಿಂದ ಕಲ್ಲು ತಂದವರು ನನ್ನ ಅಂಜಿಕೆಗೆ ಯಾಕೆ ಕಾಯಬೇಕು?

ಶುಕ್ರವಾರದವರೆಗೆ ಬದಲಿಸಬಹುದಂತೆ. ದೊಡ್ಡದೇ ಬೇಕೆಂದರೆ ಹೇಳು, ನಾನೇ ಹೋಗಿ ಹೇಳುತ್ತೇನೆ. ಆದರೆ ಕೆಲಸಕ್ಕೆ ನಿಲ್ಲುವ ಮುಂಚೆ ಬಳೆ ತೆಗೆದಿಡಬೇಕು. ಅಮ್ಮಿಗೆ ಹೇಗನಿಸುತ್ತದೋ ಎಂದು ಅಳುಕಬೇಡ. ಆ ಉಂಗುರ ನಿಕಾಹದ ದಿನ ಅವಳ ಮನೆಯವರು ಹಾಕಿದ್ದು, ಅಂದಿನಿಂದ ಬೆರಳು ಬಿಟ್ಟಿರಲಿಲ್ಲ. ಅದನ್ನು ಜೇಬಿಗೆ ಹಾಕಿ ಬರಿಗೈಯಲ್ಲಿ ಬಸ್ಸು ಹತ್ತಿದೆ. ಅಣ್ಣಿಗೇರಿ ದಾಟುವವರೆಗೂ ಕಣ್ಣೊರೆಸಿಕೊಂಡೆ. ಮನೆಯ ಬಾಗಿಲು ತೆರೆದಾಗ, ಬೆರಳಲ್ಲಿ ಉಂಗುರ ಇಲ್ಲದಿದ್ದರೂ ನಿನ್ನ ಅಮ್ಮಿ ಎಂದಿನಂತೆ ಎಲ್ಲ ಕಡೆಯೂ ಇದ್ದಳು.

ನಿನ್ನ ಕೈ ಸದಾ ತಣ್ಣಗಿರಲಿ, ಕೆಲಸ ಕೈಹಿಡಿಯಲಿ.

ನಿನ್ನ ಅಬ್ಬಾ,
ಮಹಬೂಬಸಾಬ