ಅರ್ಧ ಇಂಚಿನ ಪೈಪು

ಶೃಂಗೇರಿ, ೧೨ ನವೆಂಬರ್ ೨೦೦೭, ಸೋಮವಾರ

ಬಲಭುಜ ಇನ್ನೂ ಸೆಳೆಯುತ್ತಿದೆ. ಇವರು ಏಣಿಯಿಂದ ಬಿದ್ದು, ಬೆನ್ನುಮೂಳೆ ಮುರಿದು ಹಾಸಿಗೆ ಹಿಡಿದ ಮೇಲೆ ಲಾಡ್ಜಿನ ಕಿಟಕಿ ತೊಳೆಯುವ ಕೆಲಸ ನನ್ನ ಪಾಲಿಗೆ ಬಂತು. ಏಣಿಯೇ ಬೇಡವೆಂದು ಮಾಲೀಕರು ಈಗ ಉದ್ದದ ಕೋಲು ತರಿಸಿದ್ದಾರೆ. ಅದರ ತುದಿಯ ಬ್ರಷ್ಷಿನಲ್ಲೇ ನೀರು ಬರುತ್ತದೆ. ಆರು ತಿಂಗಳು ಮೊದಲೇ ತರಿಸಬಹುದಿತ್ತು.

ಅದರ ಜೊತೆ ಬಂದ ಮುಕ್ಕಾಲು ಇಂಚಿನ ಪೈಪಿಗೆ ನೀರು ತುಂಬಿದರೆ ನನ್ನಿಂದ ಎಳೆಯಲಾಗುವುದಿಲ್ಲ. ಏನು ಮಾಡಲೆಂದು ನಿನ್ನೆ ಇವರನ್ನೇ ಕೇಳಿದೆ.

"ಅರ್ಧ ಇಂಚಿಂದು ತಗ ಮಾರಾಯ್ತಿ. ನೀರು ಕಮ್ಮಿ ಬಂದ್ರೂ ಅಡ್ಡಿಲ್ಲ, ನಿಧಾನ ತೊಳಿ."

ಬಿದ್ದ ಮೇಲೆ ಆ ಕೆಲಸದ ಮಾತಾಡಿದ್ದು ಅದೇ ಮೊದಲು.

ಬೆಳಿಗ್ಗೆ ಕೊಪ್ಪದಿಂದ ಅದನ್ನೇ ತಂದೆ. ಹಗುರವಾಗಿದೆ. ಆದರೆ ನೀರು ಸಣ್ಣಗೆ ಬರುವುದರಿಂದ ಒಂದೊಂದು ಗಾಜಿಗೂ ಎರಡರಷ್ಟು ಹೊತ್ತು ಕತ್ತೆತ್ತಿ ನಿಲ್ಲಬೇಕು. ಇವರು ತೊಳೆಯುವಾಗ ಬಿದ್ದ ಕಿಟಕಿಯನ್ನೂ ನೆಲದಲ್ಲಿ ನಿಂತೇ ತೊಳೆದೆ.

ಮನೆಗೆ ಬಂದ ಕೂಡಲೇ ಕೇಳಿದರು, "ಮೂರನೇ ಮಹಡಿಗೆ ನೀರು ಹತ್ತಿತಾ?"

"ಹತ್ತಿತು. ಏಣಿ ಬೇಕೇ ಆಗ್ಲಿಲ್ಲ," ಅಂದುಬಿಟ್ಟೆ.

"ನನ್ನನ್ನ ಗೋಡೆ ಕಡೆ ತಿರುಗ್ಸು," ಅಂದರು.

ತಿರುಗಿಸಿದೆ. ಬೆನ್ನಿನ ಮೇಲೆ ಕೈಯಿಟ್ಟೆ. ಅವರು ಅಳುತ್ತಿದ್ದರು. ಆ ಏಣಿಯ ಮಾತು ನಾನು ಯಾಕಾದರೂ ಆಡಿದೆನೋ.