ಎದೆಯ ತೂತು

೧೪ನೇ ತಾರೀಖು, ಮಂಗಳವಾರ

ಪ್ರೀತಿಯ ಅಕ್ಕ,

ನಮಸ್ಕಾರ. ನಿನ್ನ ಕಾಗದ ಬಂದು ಎಷ್ಟೋ ದಿನ ಆಯ್ತು, ಉತ್ತರ ಬರೀಲಿಲ್ಲ ಅಂತ ಬೈಕೊಂಡಿರ್ತೀಯ. ಬೈಕೋ. ನಿನ್ನ ಲಂಗ ಹಿಡ್ಕೊಂಡು ತಿರುಗಿ, ನಿನ್ನ ಬೈಗುಳ ತಿಂದೇ ಬೆಳೆದ ಬಾಲ ತಾನೇ ನಾನು. "ಹೃದಯದಲ್ಲಿ ತೂತಂತೆ, ಯಾವ ಡಾಕ್ಟರು ನೋಡಿದ್ರು, ಆಪರೇಷನ್ ಯಾವಾಗ, ಮಕ್ಕಳ ಪರೀಕ್ಷೆ ಮುಗಿದ ತಕ್ಷಣ ಬಸ್ಸು ಹತ್ತುತೀನಿ" ಅಂತ ಬರೆದಿದ್ದೀಯ. ಓದಿ ನಾನೂ ಅತ್ತೆ, ಬೇರೆ ಯಾರೋ ಸಾಯ್ತಿದ್ದಾರೆ ಅನ್ನೋ ಹಾಗೆ.

ಅಕ್ಕ, ನನ್ನ ಎದೆಯಲ್ಲಿ ತೂತೂ ಇಲ್ಲ, ಮಣ್ಣೂ ಇಲ್ಲ. ಗುಂಡುಕಲ್ಲಿನ ಹಾಗಿದ್ದೀನಿ.

ಆದದ್ದು ಇಷ್ಟು. ಪಕ್ಕದೂರಿನ ಮೇಷ್ಟ್ರ ಮಗಳನ್ನ ನನಗೆ ತರೋದು ಅಂತ ಅಪ್ಪ ಮಾತು ಕೊಟ್ಟು ಬಂದಿದ್ದ. ನಾನು ಗಿರಣಿ ಮುಚ್ಚಿ, ಮೈಮೇಲಿನ ಹಿಟ್ಟನ್ನೂ ಕೊಡವಿಕೊಳ್ಳದೆ ಬಂದು, ಅಪ್ಪ ಅಮ್ಮ ಇಬ್ಬರ ಮುಂದೆ ಕೂತು ಹೇಳಿಬಿಟ್ಟೆ. ಹುಡುಗಿ ಒಳ್ಳೆಯವಳೇ, ಅವಳದ್ದೇನೂ ತಪ್ಪಿಲ್ಲ. ನನ್ನ ಮನಸ್ಸು ಯಾವ ಹುಡುಗಿ ಮೇಲೂ ಹೋಗೋದಿಲ್ಲ, ಗಂಡಸರ ಮೇಲೇ ಹೋಗೋದು, ಮೀಸೆ ಮೂಡಿದಾಗಿನಿಂದಲೂ ಹೀಗೇ ಅಂತ. ನಿನಗೆ ಇವತ್ತು ಹೇಳ್ತಿದ್ದೀನಿ. ಬೇಕಾದ್ರೆ ಇನ್ನೊಂದು ಸಲ ಓದಿಕೋ, ಸರಿಯಾಗೇ ಬರೆದಿದ್ದೀನಿ.

ಅಮ್ಮ "ಹಾಗಂದ್ರೆ ಏನೋ?" ಅಂದಳು. ಅಪ್ಪನಿಗೆ ತಿಳೀತು. ಎದ್ದು ಹೋಗಿ ಕಿಟಕಿ ಮುಚ್ಚಿದ. ಮಾರನೇ ದಿನ ಮೇಷ್ಟ್ರ ಮನೆಗೆ ಹೋಗಿ, "ಹುಡುಗನ ಹೃದಯದಲ್ಲಿ ತೂತಿದೆ, ಬಹಳ ದಿನ ಉಳಿಯೋದಿಲ್ಲವಂತೆ, ನಿಮ್ಮ ಮಗಳ ಬಾಳು ಹಾಳು ಮಾಡೋಕೆ ನನಗೆ ಮನಸ್ಸಿಲ್ಲ" ಅಂದು ಬಂದ. ಅಪ್ಪನ ದೊಡ್ಡತನವನ್ನ ಊರೆಲ್ಲ ಹಾಡಿ ಹೊಗಳಿತು.

ಈಗ ನನಗೆ ನಡೀತಿರೋ ಉಪಚಾರ ನೋಡಬೇಕು ನೀನು! ಗಿರಣಿಯಲ್ಲಿ ಮೂಟೆಗೆ ಕೈ ಹಾಕಿದ್ರೆ ಸಾಕು, "ಬಿಡಪ್ಪಾ, ಎದೆ ಜೋಪಾನ" ಅಂತ ಗಿರಾಕಿಗಳೇ ಎತ್ತಿ ಸುರೀತಾರೆ. ಹುಟ್ಟಿದಾಗಿನಿಂದ ನನ್ನನ್ನ ಮಾತಾಡಿಸದ ಸೌದೆ ಡಿಪೋದ ಮುದುಕ ಕೈ ಹಿಡ್ಕೊಂಡು ಕಣ್ಣು ಒರೆಸಿಕೊಂಡ. ಒಳ್ಳೆ ಜನವೇ ಅಕ್ಕ, ಸಾಯೋನಿಗೆ ಜೀವ ಕೊಡ್ತಾರೆ. ನಿಜ ಗೊತ್ತಾದ್ರೆ ಇವರೇ ನನ್ನ ಕೈಯ ಹಿಟ್ಟು ಮುಟ್ಟೋದಿಲ್ಲ.

ಬೋರ್ಡು ಬರೆಯೋನೊಬ್ಬ ಇದ್ದಾನೆ. ನಮ್ಮ ಗಿರಣಿಯ ಬೋರ್ಡೂ ಅವನೇ ಬರೆದದ್ದು. ನನ್ನ ಮನಸ್ಸು ಹೋಗಿರೋದು ಅವನ ಮೇಲೆ, ಅವನದ್ದು ನನ್ನ ಮೇಲೆ. ಸುದ್ದಿ ನಂಬಿ ಅವನೂ ಕಿತ್ತಳೆ ಹಣ್ಣು ಹಿಡ್ಕೊಂಡು ಮನೆಗೆ ಓಡಿ ಬಂದ. ಪಕ್ಕದಲ್ಲೇ ಅಮ್ಮ. ಸುಳ್ಳು ಕಣೋ ಅಂತ ನಾನು ಹೇಳೋ ಹಾಗಿಲ್ಲ, ಅವನು ಅಳೋ ಹಾಗಿಲ್ಲ. ಯಾರು ಏನು ಅಂತ ತಿಳಿಯದೆ ಅಮ್ಮ ಅವನಿಗೆ ಟೀ ಕೊಟ್ಟು, "ಬರ್ತಾ ಇರಪ್ಪಾ" ಅಂದಳು. ಮಾರನೇ ದಿನ ಗಿರಣಿಗೆ ಬಂದಾಗ ಎಲ್ಲ ಹೇಳಿದೆ. "ಹಾಗಾದ್ರೆ ನಿಮ್ಮಪ್ಪನಿಗೆ ಗೊತ್ತು" ಅಂದ, ಅಷ್ಟೇ. ಈಗ ಅವನು ಊರಲ್ಲಿಲ್ಲ.

ನೀನು ಹೊರಟಿದ್ದು ಕಾಯಿಲೆಯವನನ್ನ ನೋಡೋಕೆ. ಕಾಯಿಲೆ ಇಲ್ಲದವನನ್ನ ನೋಡೋಕೂ ಬರ್ತೀಯಾ ಅಕ್ಕ? ಬರೋದಿಲ್ಲ ಅಂದ್ರೆ ಕಾರಣ ಬರೀಬೇಡ, ಸುಮ್ಮನಿದ್ದುಬಿಡು. ನನಗಂತೂ ಸಾಕಾಗಿಹೋಗಿದೆ. ಬೆಳಿಗ್ಗೆ ಏಳೋಕೇ ಮನಸ್ಸು ಬರೋದಿಲ್ಲ.

ಭಾವನಿಗೆ ನಮಸ್ಕಾರ ಹೇಳು, ಈ ಕಾಗದ ತೋರಿಸಬೇಡ. ಮಕ್ಕಳು ಚೆನ್ನಾಗಿ ಓದಲಿ, ನೂರು ಕಾಲ ಬಾಳಲಿ. ಮಾವನ ಎದೆ ಗಟ್ಟಿಯಾಗಿದೆ ಅಂತ ಅವರಿಗೆ ಮಾತ್ರ ಹೇಳು.

ಇಂತಿ,
ನಿನ್ನ ಬಾಲ

ಹಿಂಬರಹ: ಇದನ್ನ ಮೇಲೆ ಬರೆಯೋಕೆ ಕೈ ಬರಲಿಲ್ಲ. ಇವತ್ತು ಬೆಳಿಗ್ಗೆ ನಾನು ಬಚ್ಚಲಲ್ಲಿದ್ದೆ. ಅಡುಗೆಮನೆಯಲ್ಲಿ ಅಮ್ಮ ಅಪ್ಪನಿಗೆ ಹೇಳ್ತಿದ್ದಳು: "ಆ ಕಾಯಿಲೆನೇ ನಿಜವಾಗಿದ್ದಿದ್ರೆ ಎಷ್ಟೋ ಮೇಲಾಗ್ತಿತ್ತು. ನಾಲ್ಕು ಜನರ ಮುಂದೆ ಬಾಯಿಬಿಟ್ಟು ಅಳಬಹುದಿತ್ತು." ಅಪ್ಪ ಅವಳನ್ನ ಬೈತಾನೆ ಅಂತ ಚೊಂಬು ಹಿಡ್ಕೊಂಡೇ ಕಾದೆ. ಅಪ್ಪ "ಹೂಂ" ಅಂದ.